ತ್ರಿಭುಜ, ತ್ರಿಕೋನ, ತ್ರ್ಯಶ್ರ

ಮೂರು ಸರಳರೇಖಾಖಂಡಗಳಿಂದ ಆವೃತವಾದ ಸಮತಲಾಕೃತಿಯೇ ತ್ರಿಭುಜ. ಇಂಗ್ಲಿಷಿನ ಟ್ರಯಾಂಗಲ್ ಎಂಬ ಶಬ್ದಕ್ಕೆ ಕನ್ನಡದಲ್ಲಿ ತ್ರಿಭುಜ, ತ್ರಿಕೋನ ಎಂಬ ಎರಡು ಹೆಸರುಗಳಿವೆ. ಎರಡೂ ಒಂದೇ ಆಕೃತಿಯನ್ನು ಸೂಚಿಸಿದರೂ ಒಂದರ ಜಾಗದಲ್ಲಿ ಇನ್ನೊಂದು ಎಲ್ಲೆಡೆಯೂ ಸಲ್ಲುವುದಿಲ್ಲ. ಶಾಲೆಯ ರೇಖಾಗಣಿತದಲ್ಲಿ ಪಾಠದ ಹೆಸರು ತ್ರಿಭುಜಗಳು; ಅದೇ ಪುಸ್ತಕದ ಇನ್ನೊಂದು ಪಾಠದ ಹೆಸರು ತ್ರಿಕೋನಮಿತಿ. ಚುನಾವಣೆಯಲ್ಲಿ ತ್ರಿಕೋನ ಸ್ಪರ್ಧೆ ಏರ್ಪಡುತ್ತದೆ. ತ್ರಿಭುಜ ಸ್ಪರ್ಧೆ ಎಂದು ಯಾರೂ ಬರೆಯುವುದಿಲ್ಲ. ಈ ಹಂಚಿಕೆಯ ಹಿಂದೆ ಎರಡು ಸಾವಿರ ವರ್ಷಗಳಿಗೂ ಹಳೆಯದಾದ ಶಬ್ದಚರಿತ್ರೆಯಿದೆ.

ಆಕೃತಿಯ ಅಂಗಗಳು

ತ್ರಿಭುಜದ ಅಂಚಿನ ರೇಖಾಖಂಡಗಳಿಗೆ ಬಾಹುಗಳೆಂದೂ ಬಾಹುಗಳು ಸೇರುವ ಬಿಂದುಗಳಿಗೆ ಶೃಂಗಗಳೆಂದೂ ಹೆಸರು. ಪ್ರತಿ ಶೃಂಗದಲ್ಲಿ ಒಂದು ಕೋನ ಏರ್ಪಡುತ್ತದೆ. ಮೂರು ಬಾಹು, ಮೂರು ಶೃಂಗ, ಮೂರು ಕೋನ ಇಷ್ಟೇ ಇದರ ಸಂಪತ್ತು. ಸರಳರೇಖೆಗಳಿಂದ ಜಾಗವೊಂದನ್ನು ಆವರಿಸಲು ಇದಕ್ಕಿಂತ ಕಡಿಮೆ ಸಾಮಗ್ರಿ ಸಾಲದು. ಎರಡು ಸರಳರೇಖೆಗಳು ಹೇಗೆ ಇಟ್ಟರೂ ಏನನ್ನೂ ಸುತ್ತುವರಿಯಲಾರವು.

ಮೂರು ಕಡ್ಡಿಗಳಿದ್ದ ಮಾತ್ರಕ್ಕೆ ತ್ರಿಭುಜ ಸಿದ್ಧವಾಗುವುದಿಲ್ಲ. 3, 4 ಮತ್ತು 8 ಅಂಗುಲದ ಕಡ್ಡಿಗಳನ್ನು ಎಷ್ಟು ತಿರುಗಿಸಿದರೂ ತುದಿಗಳು ಕೂಡುವುದಿಲ್ಲ, ಏಕೆಂದರೆ ಚಿಕ್ಕ ಎರಡನ್ನು ಸೇರಿಸಿದರೂ ದೊಡ್ಡದರಷ್ಟು ಉದ್ದವಾಗದು. ಯಾವುದೇ ಎರಡು ಬಾಹುಗಳ ಮೊತ್ತ ಮೂರನೆಯದಕ್ಕಿಂತ ಹೆಚ್ಚಿರಬೇಕೆಂಬ ನಿಯಮ ಇದೇ. ಗದ್ದೆಯ ಬದುವನ್ನು ಬಿಟ್ಟು ಅಡ್ಡಹಾದಿ ಹಿಡಿಯುವವರು ಈ ನಿಯಮವನ್ನು ಕಾಲಿನಿಂದಲೇ ಕಲಿತಿರುತ್ತಾರೆ.

ಒಂದು ಬಾಹುವನ್ನು ಪಾದವೆಂದು ಕರೆಯುವುದು ಕೇವಲ ರೂಢಿ. ಚಿತ್ರದಲ್ಲಿ ಕೆಳಗೆ ಬರೆದದ್ದೇ ಪಾದವಾಗಬೇಕಿಲ್ಲ. ಮೂರರಲ್ಲಿ ಯಾವುದನ್ನೂ ಹಾಗೆ ಆರಿಸಿಕೊಳ್ಳಬಹುದು. ಎದುರಿನ ಶೃಂಗದಿಂದ ಪಾದಕ್ಕೆ ಎಳೆದ ಲಂಬವೇ ಎತ್ತರ. ಪಾದ ಮತ್ತು ಎತ್ತರಗಳ ಗುಣಲಬ್ಧದ ಅರ್ಧ ವಿಸ್ತೀರ್ಣ.

ಭುಜವೋ, ಕೋನವೋ

ಇಂಗ್ಲಿಷಿನ ಟ್ರಯಾಂಗಲ್ ಲ್ಯಾಟಿನ್ನಿನಿಂದ ಬಂದದ್ದು. ಅಂಗುಲುಸ್ ಎಂದರೆ ಮೂಲೆ; ಮೂರು ಮೂಲೆಗಳುಳ್ಳದ್ದು ಟ್ರಯಾಂಗಲ್. ಗ್ರೀಕ್ ಭಾಷೆಯ ತ್ರಿಗೋನೋನ್ ಶಬ್ದವೂ ಮೂಲೆಗಳನ್ನೇ ಎಣಿಸುತ್ತದೆ. ಆದರೆ ಬಾಹು ಒಂದು ಹೆಚ್ಚಾದೊಡನೆ ಇಂಗ್ಲಿಷ್ ತನ್ನ ಪದ್ಧತಿಯನ್ನು ಬದಲಿಸುತ್ತದೆ: ಕ್ವಾಡ್ರಿಲ್ಯಾಟರಲ್ ಎಂಬುದು ಪಾರ್ಶ್ವಗಳ ಲೆಕ್ಕ. ಪೆಂಟಗನ್ನಿಗೆ ಬರುವಾಗ ಗ್ರೀಕರ ಜೊತೆಗೆ ಮತ್ತೆ ಮೂಲೆಗಳ ಲೆಕ್ಕ. ಕನ್ನಡದ ಪಠ್ಯಪುಸ್ತಕ ಈ ವಿಷಯದಲ್ಲಿ ಹೆಚ್ಚು ಶಿಸ್ತಿನದು. ತ್ರಿಭುಜ, ಚತುರ್ಭುಜ, ಪಂಚಭುಜ, ಕಡೆಗೆ ಬಹುಭುಜಾಕೃತಿ: ಎಲ್ಲವೂ ತೋಳಿನ ಎಣಿಕೆ.

ಭುಜ, ಬಾಹು ಎರಡಕ್ಕೂ ಮೂಲಾರ್ಥ ತೋಳು. ತ್ರಿಭುಜವೆಂದರೆ ಮೂರು ತೋಳುಗಳುಳ್ಳದ್ದು. ಸಾಮಾನ್ಯ ಶಕ 499ರಲ್ಲಿ ತನಗೆ 23 ವರ್ಷವೆಂದು ಹೇಳಿಕೊಂಡ ಆರ್ಯಭಟನ ಕೃತಿಯಲ್ಲಿ ತ್ರಿಭುಜ ಎಂಬ ಶಬ್ದವೇ ಬಳಕೆಯಾಗಿದೆ. ಅದರ ಗಣಿತಪಾದದ ಒಂದು ಶ್ಲೋಕ ತ್ರಿಭುಜದ ವಿಸ್ತೀರ್ಣವನ್ನು ಸರಿಯಾಗಿಯೇ ಹೇಳುತ್ತದೆ. ಅದೇ ಶ್ಲೋಕದ ಉತ್ತರಾರ್ಧದಲ್ಲಿ ಆರು ಅಂಚುಗಳುಳ್ಳ ಘನಾಕೃತಿಯ ಗಾತ್ರವನ್ನು ಹೇಳುವಾಗ, ಮೂರನೆಯ ಒಂದು ಭಾಗ ಎನ್ನಬೇಕಾದಲ್ಲಿ ಅರ್ಧ ಎಂದಿದೆ. ಒಂದೇ ಶ್ಲೋಕದಲ್ಲಿ ಸರಿಯೂ ತಪ್ಪೂ ಅಕ್ಕಪಕ್ಕ ಕುಳಿತಿರುವುದು ಗಣಿತದ ಚರಿತ್ರೆಯಲ್ಲಿ ಅಪರೂಪವೇನಲ್ಲ.

ಕೋನದ ಕಥೆ ಬೇರೆ. ಸಂಸ್ಕೃತದ ಕೋಣ ಮತ್ತು ತ್ರಿಕೋಣ ಶಬ್ದಗಳು ಗ್ರೀಕಿನ ಗೋನಿಯಾ ಮತ್ತು ತ್ರಿಗೋನೋನ್‌ಗಳಿಂದ ಜ್ಯೋತಿಷದ ಮೂಲಕ ಬಂದವೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಗ್ರೀಕಿನ ಕೆಂತ್ರೋನ್ ಕೇಂದ್ರವಾದ ದಾರಿಯೂ ಇದೇ. ಜಾತಕದಲ್ಲಿ 1, 5, 9ನೆಯ ಮನೆಗಳಿಗೆ ಇಂದಿಗೂ ತ್ರಿಕೋಣವೆಂದೇ ಹೆಸರು. ರಾಶಿಚಕ್ರದಲ್ಲಿ ಅವುಗಳನ್ನು ಗೆರೆಯಿಂದ ಜೋಡಿಸಿದರೆ ಸಮಬಾಹು ತ್ರಿಭುಜ ಮೂಡುತ್ತದೆ.

ಸಂಸ್ಕೃತದಲ್ಲಿ ಣಕಾರದ ಕೋಣ ಕನ್ನಡ ಗಣಿತದಲ್ಲಿ ನಕಾರದ ಕೋನವಾಗಿ ನೆಲೆಸಿದೆ. ಕಾರಣ ಏನೇ ಇರಲಿ, ಇದರಿಂದ ಒಂದು ಉಪಕಾರವಂತೂ ಆಗಿದೆ. ಕನ್ನಡದಲ್ಲಿ ಕೋಣವೆಂದರೆ ಗಂಡು ಎಮ್ಮೆ. ವಿಶಾಲ ಕೋಣ ಎಂದು ಬರೆದಿದ್ದರೆ ರೇಖಾಗಣಿತದ ತರಗತಿ ಕಂಬಳದ ಗದ್ದೆಯಾಗುತ್ತಿತ್ತು.

ಹಗ್ಗ ಮತ್ತು ಅಶ್ರ

ಭುಜಕ್ಕೂ ಕೋನಕ್ಕೂ ಮೊದಲು ಭಾರತದಲ್ಲಿ ಈ ಆಕೃತಿಗೆ ಬೇರೆ ಹೆಸರುಗಳಿದ್ದವು. ಯಜ್ಞವೇದಿಕೆಗಳ ಅಳತೆಯನ್ನು ವಿವರಿಸುವ ಗ್ರಂಥಗಳು ಶುಲ್ಬಸೂತ್ರಗಳು. ಶುಲ್ಬವೆಂದರೆ ಹಗ್ಗ. ಗೂಟ ಮತ್ತು ಹಗ್ಗಗಳಿಂದ ನೆಲದ ಮೇಲೆ ಆಕೃತಿಗಳನ್ನು ಬಿಡಿಸುವ ವಿದ್ಯೆ ಅವುಗಳಲ್ಲಿದೆ. ಎರಡು ಬಾಹುಗಳು ಸಮವಾಗಿರುವ ತ್ರಿಭುಜಕ್ಕೆ ಅಲ್ಲಿ ಪ್ರಉಗ ಎಂದು ಹೆಸರು; ರಥ ಅಥವಾ ಬಂಡಿಯ ಮೂಕಿಗಳು ಮುಂದೆ ಕೂಡುವ ಚೂಪು ಭಾಗಕ್ಕೆ ಇದ್ದ ಶಬ್ದವದು. ಅಂಥ ಎರಡನ್ನು ಬೆನ್ನಿಗೆ ಬೆನ್ನು ಹಚ್ಚಿದರೆ ಉಭಯತಃ ಪ್ರಉಗ, ಅಂದರೆ ಇಂದಿನ ವಜ್ರಾಕೃತಿ. ಹೆಸರಿಡುವವರ ಕಣ್ಣೆದುರು ಬಂಡಿಯಿತ್ತು. ಮೂರು ಎಂಬ ಸಂಖ್ಯೆ ಹೆಸರಿನೊಳಗೆ ಬರಲೇ ಇಲ್ಲ.

ಸಂಖ್ಯೆಯುಳ್ಳ ಹಳೆಯ ಹೆಸರು ತ್ರ್ಯಶ್ರ. ಅಶ್ರಿ ಎಂದರೆ ಅಂಚು, ಮೂಲೆ. ನಾಲ್ಕು ಮೂಲೆಯದು ಚತುರಶ್ರ. ಗಣಿತದ ಪಠ್ಯದಿಂದ ಈ ಶಬ್ದ ಮರೆಯಾಗಿದ್ದರೂ ಬೇರೆಡೆ ಜೀವಂತವಾಗಿದೆ. ಭರತನ ನಾಟ್ಯಶಾಸ್ತ್ರ ನಾಟ್ಯಗೃಹಗಳಲ್ಲಿ ವಿಕೃಷ್ಟ, ಚತುರಶ್ರ, ತ್ರ್ಯಶ್ರ ಎಂಬ ಮೂರು ಆಕಾರಗಳನ್ನು ಹೇಳುತ್ತದೆ. ಕೊನೆಯದು ಮುಮ್ಮೂಲೆಯ ರಂಗಮಂದಿರ. ತಾಳಗಳಿಗೂ ಅದು ಚತುರಶ್ರ, ತ್ರ್ಯಶ್ರ ಎಂದೇ ಹೆಸರಿಡುತ್ತದೆ. ಕರ್ನಾಟಕ ಸಂಗೀತದ ವಿದ್ಯಾರ್ಥಿ ‘ತಕಿಟ’ ಎಂದು ಮೂರು ಮೂರಾಗಿ ಎಣಿಸುವ ತಿಶ್ರಜಾತಿ ಈ ತ್ರ್ಯಶ್ರವೇ, ಉಚ್ಚಾರಣೆಯಲ್ಲಿ ಸವೆದದ್ದು. ಪ್ರಿಸಮ್ಮಿಗೆ ಕನ್ನಡದ ವಿಜ್ಞಾನ ಬರಹಗಳಲ್ಲಿ ಅಶ್ರಗ ಎಂಬ ಹೆಸರು ಬಳಕೆಯಾದದ್ದೂ ಇದೇ ಬೇರಿನಿಂದ.

ಕನ್ನಡ ನಾಡಿನ ಕ್ಷೇತ್ರಗಣಿತ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ. ಗ್ರಂಥಾರಂಭದಲ್ಲಿ ಆ ಅರಸನ ಸ್ತುತಿಯಿದೆ. ಆಕೃತಿಗಳನ್ನು ವಿವರಿಸುವ ಭಾಗದಲ್ಲಿ ಮಹಾವೀರ ಮೊದಲು ಮಾಡುವ ಕೆಲಸ ವರ್ಗೀಕರಣ: ತ್ರಿಭುಜಗಳು ಮೂರು ಬಗೆ, ಚತುರ್ಭುಜಗಳು ಐದು ಬಗೆ, ವೃತ್ತದ ಜಾತಿಯವು ಎಂಟು ಬಗೆ. ತ್ರಿಭುಜದ ಮೂರು ಬಗೆಗಳೆಂದರೆ ಸಮ, ದ್ವಿಸಮ, ವಿಷಮ. ಇಂದಿನ ಶಾಲಾಪುಸ್ತಕದ ಸಮಬಾಹು, ಸಮದ್ವಿಬಾಹು, ಅಸಮಬಾಹು ತ್ರಿಭುಜಗಳು ಇವೇ. ಹನ್ನೊಂದು ಶತಮಾನಗಳ ನಂತರವೂ ಶಬ್ದಗಳು ಇಷ್ಟು ಹತ್ತಿರ ಉಳಿದಿರುವುದನ್ನು ಗಮನಿಸಬೇಕು. ಈ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದ್ರಾಸಿನಿಂದ ಪ್ರಕಟಿಸಿದರು.

ಸಂಸ್ಕೃತವನ್ನು ಬಿಟ್ಟು ಕನ್ನಡದಲ್ಲಿಯೇ ಗಣಿತವನ್ನು ಬರೆದವನು ಹನ್ನೆರಡನೆಯ ಶತಮಾನದ ಜೈನ ಕವಿ ರಾಜಾದಿತ್ಯ. ವ್ಯವಹಾರಗಣಿತ, ಲೀಲಾವತಿ ಮೊದಲಾದ ಅವನ ಕೃತಿಗಳಲ್ಲಿ ಕ್ಷೇತ್ರಗಣಿತವೂ ಒಂದು. ಕ್ಷೇತ್ರವೆಂದರೆ ಹೊಲ, ಗಣಿತದಲ್ಲಿ ಅದು ರೇಖೆಗಳಿಂದ ಆವೃತವಾದ ಜಾಗ. ಗ್ರೀಕಿನ ಜಿಯೋಮೆಟ್ರಿ ಎಂಬ ಶಬ್ದಕ್ಕೂ ಭೂಮಿಯ ಅಳತೆ ಎಂಬುದೇ ಅರ್ಥ. ಹೊಲ ಅಳೆಯುವವನ ಕೆಲಸವೇ ಎರಡೂ ಕಡೆ ಶಾಸ್ತ್ರಕ್ಕೆ ಹೆಸರಾಯಿತು.

ಬಾಹುಗಳಿಂದ ಮತ್ತು ಕೋನಗಳಿಂದ ವರ್ಗೀಕರಣ

ಬಾಹುಗಳ ಲೆಕ್ಕದಲ್ಲಿ ಮೂರು ಬಗೆಗಳನ್ನು ಮೇಲೆ ಹೇಳಿದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಯೂಕ್ಲಿಡನ ವ್ಯಾಖ್ಯೆಯಲ್ಲಿ ಎರಡು ಬಾಹುಗಳು ಮಾತ್ರ ಸಮವಾಗಿರುವುದು ಸಮದ್ವಿಬಾಹು. ಇಂದಿನ ಗಣಿತದಲ್ಲಿ ಕನಿಷ್ಠ ಎರಡು ಸಮವಾಗಿದ್ದರೆ ಸಾಕು. ಹೀಗಾಗಿ ಇಂದು ಪ್ರತಿ ಸಮಬಾಹು ತ್ರಿಭುಜವೂ ಸಮದ್ವಿಬಾಹುವೇ ಆಗುತ್ತದೆ. ಇಂಗ್ಲಿಷಿನ ಐಸಾಸಿಲೀಸ್ ಎಂಬ ಉಚ್ಚಾರಣೆಗೆ ಕಠಿಣವಾದ ಶಬ್ದಕ್ಕೆ ಗ್ರೀಕಿನಲ್ಲಿ ಸಮಾನ ಕಾಲುಗಳುಳ್ಳದ್ದು ಎಂದರ್ಥ. ಗ್ರೀಕರು ಕಾಲನ್ನು ಕಂಡಲ್ಲಿ ಭಾರತೀಯರು ತೋಳನ್ನು ಕಂಡರು.

ಕೋನಗಳ ಲೆಕ್ಕದಲ್ಲಿ ಲಘುಕೋನ, ಲಂಬಕೋನ, ವಿಶಾಲಕೋನ ತ್ರಿಭುಜಗಳೆಂದು ವಿಭಾಗ. ಒಂದು ಕೋನ 90 ಡಿಗ್ರಿ ಇದ್ದರೆ ಲಂಬಕೋನ ತ್ರಿಭುಜ, ಒಂದು ಕೋನ ಅದಕ್ಕಿಂತ ಹೆಚ್ಚಿದ್ದರೆ ವಿಶಾಲಕೋನ ತ್ರಿಭುಜ, ಮೂರೂ ಕಡಿಮೆ ಇದ್ದರೆ ಲಘುಕೋನ ತ್ರಿಭುಜ. ಲಂಬಕೋನ ಅಥವಾ ವಿಶಾಲಕೋನ ಒಂದೇ ತ್ರಿಭುಜದಲ್ಲಿ ಎರಡು ಇರಲು ಸಾಧ್ಯವಿಲ್ಲ.

ಕರ್ಣ ಮತ್ತು ವಿಕರ್ಣ

ಲಂಬಕೋನಕ್ಕೆ ಎದುರಾದ ಬಾಹು ಉಳಿದೆರಡಕ್ಕಿಂತ ಉದ್ದವಾದದ್ದು. ಭಾಸ್ಕರಾಚಾರ್ಯನ 1150ರ ಲೀಲಾವತಿಯಲ್ಲಿ ಲಂಬಕೋನವನ್ನು ಕೂಡಿಸುವ ಎರಡು ಬಾಹುಗಳು ಭುಜ ಮತ್ತು ಕೋಟಿ, ಎದುರಿನದು ಕರ್ಣ. ಚತುರ್ಭುಜದ ಮೂಲೆಯಿಂದ ಮೂಲೆಗೆ ಎಳೆದ ರೇಖೆಗೂ ಸಂಸ್ಕೃತ ಗಣಿತದಲ್ಲಿ ಕರ್ಣವೆಂದೇ ಹೆಸರು. ಎರಡಕ್ಕೂ ಒಂದೇ ಶಬ್ದವಿರುವುದು ಸಹಜ. ಆಯತವನ್ನು ಕರ್ಣದ ಉದ್ದಕ್ಕೆ ಕತ್ತರಿಸಿದರೆ ದೊರೆಯುವುದು ಎರಡು ಲಂಬಕೋನ ತ್ರಿಭುಜಗಳೇ. ಕರ್ನಾಟಕದ ಪಠ್ಯಪುಸ್ತಕಗಳು ಇವೆರಡನ್ನು ಬೇರ್ಪಡಿಸಿವೆ. ಚತುರ್ಭುಜದಲ್ಲಿ ಇರುವುದು ಕರ್ಣ, ಲಂಬಕೋನ ತ್ರಿಭುಜದಲ್ಲಿ ಇರುವುದು ವಿಕರ್ಣ. ಪರಿಭಾಷೆಯಲ್ಲಿ ಒಂದು ಶಬ್ದಕ್ಕೆ ಒಂದೇ ಕೆಲಸವಿರಬೇಕೆಂಬ ದೃಷ್ಟಿಯಿಂದ ಇದು ಜಾಣತನದ ಏರ್ಪಾಡು. ಹಿಂದಿಯ ಪುಸ್ತಕವನ್ನು ತೆರೆದವರಿಗೆ ಮಾತ್ರ ಸ್ವಲ್ಪ ಗಲಿಬಿಲಿಯಾದೀತು, ಅಲ್ಲಿ ಎರಡು ಹೆಸರುಗಳೂ ಅದಲುಬದಲಾಗಿವೆ.

ವಿಕರ್ಣದ ಮೇಲಿನ ವರ್ಗ ಉಳಿದೆರಡು ಬಾಹುಗಳ ಮೇಲಿನ ವರ್ಗಗಳ ಮೊತ್ತಕ್ಕೆ ಸಮ ಎಂಬುದು ಪೈಥಾಗೊರಸನ ಹೆಸರಿನ ಪ್ರಮೇಯ. ಬೌಧಾಯನ ಶುಲ್ಬಸೂತ್ರ ಇದೇ ಸಂಗತಿಯನ್ನು ತ್ರಿಭುಜದ ಮಾತೆತ್ತದೆ, ಆಯತದ ಕರ್ಣಕ್ಕೆ ಹಿಡಿದ ಹಗ್ಗದ ಮೂಲಕ ಹೇಳುತ್ತದೆ. 3 ಮತ್ತು 4, 5 ಮತ್ತು 12, 8 ಮತ್ತು 15 ಮೊದಲಾದ ಅಳತೆಗಳ ಆಯತಗಳನ್ನು ನಿದರ್ಶನವಾಗಿ ಕೊಡುತ್ತದೆ. ಇಂದಿಗೂ ಮನೆಯ ಪಾಯ ಗುರುತಿಸುವ ಮೇಸ್ತ್ರಿ ದಾರದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಅಳೆದು, ಓರೆ 5 ಅಡಿ ಬರುವ ತನಕ ಗೂಟವನ್ನು ಸರಿಸುತ್ತಾನೆ. ಅಲ್ಲಿಗೆ ಮೂಲೆ ‘ಮಟ್ಟ’ಕ್ಕೆ ಬಂತು. ಮೂಲೆಮಟ್ಟ ಎಂಬ ಉಪಕರಣದ ಹೆಸರೂ ಅವನ ಕಸುಬಿನದೇ.

ಪೂರ್ಣಾಂಕಗಳಲ್ಲಿ ಇನ್ನೊಂದು ಸೊಗಸಾದ ತ್ರಿಭುಜ 13, 14, 15ರದು. ಭಾರತೀಯ ಗಣಿತಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವ ಉದಾಹರಣೆಯಿದು. 14ನ್ನು ಪಾದವಾಗಿಟ್ಟು ಎದುರಿನ ಶೃಂಗದಿಂದ ಲಂಬವನ್ನು ಇಳಿಸಿದರೆ ಎತ್ತರ ಸರಿಯಾಗಿ 12. ಪಾದ 5 ಮತ್ತು 9 ಎಂದು ಒಡೆಯುತ್ತದೆ. ಎಡಬಲಗಳಲ್ಲಿ 5, 12, 13 ಮತ್ತು 9, 12, 15ರ ಎರಡು ಲಂಬಕೋನ ತ್ರಿಭುಜಗಳು ಕಾಣಿಸುತ್ತವೆ. ವಿಸ್ತೀರ್ಣ 84. ಲಂಬವಿಲ್ಲದೆಯೂ ಇದನ್ನು ಪಡೆಯಬಹುದು. ಬಾಹುಗಳ ಮೊತ್ತದ ಅರ್ಧ 21. ಅದರಿಂದ ಮೂರು ಬಾಹುಗಳನ್ನು ಬೇರೆಬೇರೆಯಾಗಿ ಕಳೆದರೆ 8, 7, 6. ನಾಲ್ಕರ ಗುಣಲಬ್ಧ 7056. ಅದರ ವರ್ಗಮೂಲ 84. ಈ ಸೂತ್ರಕ್ಕೆ ಅಲೆಕ್ಸಾಂಡ್ರಿಯದ ಹೆರಾನನ ಹೆಸರಿದೆ. ಬ್ರಹ್ಮಗುಪ್ತ 628ರಲ್ಲಿ ಚತುರ್ಭುಜಕ್ಕೆ ಕೊಟ್ಟ ಸೂತ್ರದಲ್ಲಿ ಒಂದು ಬಾಹುವನ್ನು ಸೊನ್ನೆ ಮಾಡಿದರೂ ಇದೇ ದೊರೆಯುತ್ತದೆ. ಆದರೆ ಆ ಸೂತ್ರ ವೃತ್ತದೊಳಗೆ ಸರಿಯಾಗಿ ಕೂಡುವ ಚತುರ್ಭುಜಗಳಿಗಷ್ಟೇ ಅನ್ವಯಿಸುತ್ತದೆ.

ಎರಡು ಮುಖ್ಯ ಗುಣಗಳು

ಸಮತಲದ ಮೇಲೆ ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ. ಕಾಗದದ ತ್ರಿಭುಜವೊಂದರ ಮೂರು ಮೂಲೆಗಳನ್ನು ಹರಿದು, ತುದಿಗಳು ಒಂದೆಡೆ ಕೂಡುವಂತೆ ಜೋಡಿಸಿದರೆ ನೇರ ಗೆರೆ ಬರುತ್ತದೆ. ಸಾಧನೆಗೆ ಬೇಕಾಗುವುದು ಶೃಂಗದ ಮೂಲಕ ಪಾದಕ್ಕೆ ಸಮಾಂತರವಾಗಿ ಎಳೆದ ಒಂದೇ ರೇಖೆ. ಪಾದದ ಎರಡೂ ಕೋನಗಳಿಗೆ ಸಮವಾದ ಪರ್ಯಾಯ ಕೋನಗಳು ಅದರ ಮೇಲೆ ಶೃಂಗಕೋನದ ಅಕ್ಕಪಕ್ಕಕ್ಕೆ ಬರುತ್ತವೆ. ಯಾವುದೇ ಬಹುಭುಜಾಕೃತಿಯನ್ನು ತ್ರಿಭುಜಗಳಾಗಿ ಒಡೆಯಬಹುದಾದ್ದರಿಂದ ಚತುರ್ಭುಜಕ್ಕೆ 360, ಪಂಚಭುಜಕ್ಕೆ 540 ಎಂಬ ಲೆಕ್ಕ ತಾನಾಗಿ ದೊರೆಯುತ್ತದೆ. ಗೋಳದ ಮೇಲೆ ಈ ನಿಯಮ ನಿಲ್ಲುವುದಿಲ್ಲ. ಉತ್ತರ ಧ್ರುವದಿಂದ 90 ಡಿಗ್ರಿ ಅಂತರದ ಎರಡು ರೇಖಾಂಶಗಳನ್ನು ಹಿಡಿದು ಸಮಭಾಜಕಕ್ಕೆ ಇಳಿದರೆ ಮೂರೂ ಕೋನಗಳು ಲಂಬಕೋನಗಳಾಗಿರುವ ತ್ರಿಭುಜ ಸಿಗುತ್ತದೆ, ಮೊತ್ತ 270.

ಎರಡನೆಯ ಗುಣ ಬಿಗಿತನ. ನಾಲ್ಕು ಪಟ್ಟಿಗಳನ್ನು ಮೂಲೆಗೊಂದು ಮೊಳೆ ಹೊಡೆದು ಚೌಕವಾಗಿ ಜೋಡಿಸಿದರೆ ಅದನ್ನು ತಳ್ಳಿ ವಜ್ರಾಕೃತಿ ಮಾಡಬಹುದು. ಮೂರು ಪಟ್ಟಿಗಳ ತ್ರಿಭುಜ ಪಟ್ಟಿ ಮುರಿಯದೆ ಆಕಾರ ಬದಲಿಸದು. ಮೂರು ಬಾಹುಗಳು ಗೊತ್ತಾದರೆ ಕೋನಗಳೂ ನಿಶ್ಚಿತ ಎಂಬ ಸರ್ವಸಮತೆಯ ನಿಯಮದ ಲೋಕರೂಪ ಇದು. ತೋಟದ ಗೇಟಿಗೆ ಓರೆಪಟ್ಟಿ ಹೊಡೆಯುವುದು, ಹೆಂಚಿನ ಮಾಡಿನ ಮರದ ಚೌಕಟ್ಟು, ಉಕ್ಕಿನ ರೈಲುಸೇತುವೆ, ವಿದ್ಯುತ್ ಗೋಪುರ ಎಲ್ಲಕ್ಕೂ ಆಧಾರ ಈ ಗುಣವೇ.

ತ್ರಿಭುಜದ ಕೇಂದ್ರ ಯಾವುದೆಂದು ಕೇಳಿದರೆ ಒಂದೇ ಉತ್ತರವಿಲ್ಲ. ಮಧ್ಯರೇಖೆಗಳು ಕೂಡುವ ಗುರುತ್ವಕೇಂದ್ರ, ಎತ್ತರಗಳು ಕೂಡುವ ಲಂಬಕೇಂದ್ರ, ಶೃಂಗಗಳ ಮೂಲಕ ಹಾಯುವ ವೃತ್ತದ ಪರಿಕೇಂದ್ರ, ಒಳಗೆ ಬಾಹುಗಳನ್ನು ಮುಟ್ಟುವ ವೃತ್ತದ ಅಂತಃಕೇಂದ್ರ ಇವು ಮುಖ್ಯವಾದವು. ಇವುಗಳಲ್ಲಿ ಮೊದಲ ಮೂರು ಸದಾ ಒಂದೇ ಸರಳರೇಖೆಯ ಮೇಲಿರುತ್ತವೆ ಎಂಬುದನ್ನು ಕಂಡವನು ಆಯ್ಲರ್. ಸಮಬಾಹು ತ್ರಿಭುಜದಲ್ಲಿ ನಾಲ್ಕೂ ಒಂದೇ ಬಿಂದು.

ಬಿಲ್ಲಿನ ಶಬ್ದಗಳು: ಜ್ಯಾ, ತ್ರಿಜ್ಯ, ಸೈನ್

ತ್ರಿಕೋನಮಿತಿಯ ಮೂಲ ಶಬ್ದಗಳು ಬಿಲ್ಲಿನಿಂದ ಬಂದವು. ವೃತ್ತದ ತುಂಡು ಚಾಪ, ಅಂದರೆ ಬಿಲ್ಲು. ಅದರ ಎರಡು ತುದಿಗಳನ್ನು ಸೇರಿಸುವ ರೇಖೆ ಜ್ಯಾ, ಅಂದರೆ ಹೆದೆ. ನಡುವಿನ ಲಂಬ ಶರ. ಖಗೋಳದ ಲೆಕ್ಕಕ್ಕೆ ಇಡೀ ಹೆದೆಗಿಂತ ಅದರ ಅರ್ಧ ಅನುಕೂಲವೆಂದು ಕಂಡ ಭಾರತೀಯರು ಅರ್ಧಜ್ಯಾವನ್ನು ಬಳಕೆಗೆ ತಂದರು. ಅರ್ಧ ಎಂಬುದು ಕ್ರಮೇಣ ಬಿದ್ದುಹೋಯಿತು. ಜ್ಯಾದ ಇನ್ನೊಂದು ರೂಪ ಜೀವಾ. ಅದು ಅರಬ್ಬಿಗೆ ಹೋಗಿ ಜೀಬ ಆಯಿತು. ಸ್ವರಚಿಹ್ನೆಗಳಿಲ್ಲದ ಆ ಬರವಣಿಗೆಯನ್ನು ಮಡಿಲು ಅಥವಾ ಬಟ್ಟೆಯ ಮಡಿಕೆ ಎಂಬರ್ಥದ ಜೈಬ್ ಎಂದು ಓದಿದ ಹನ್ನೆರಡನೆಯ ಶತಮಾನದ ಯುರೋಪಿನ ಅನುವಾದಕರು ಅದೇ ಅರ್ಥದ ಲ್ಯಾಟಿನ್ ಶಬ್ದ ಸೈನಸ್ ಅನ್ನು ಬಳಸಿದರು. ಅದೇ ಇಂದಿನ ಸೈನ್.

ಕನ್ನಡ ಪಠ್ಯದಲ್ಲಿ ಇದರ ಎರಡು ತುದಿಗಳೂ ಸಿಗುತ್ತವೆ. ವೃತ್ತದ ಪಾಠದಲ್ಲಿ ಪೂರ್ತಿ ಹೆದೆಗೆ ಜ್ಯಾ ಎಂಬ ಹಳೆಯ ಹೆಸರು ಉಳಿದಿದೆ. ತ್ರಿಕೋನಮಿತಿಯ ಪಾಠದಲ್ಲಿ ಅರ್ಧ ಹೆದೆ ಸೈನ್ ಎಂಬ ವೇಷದಲ್ಲಿ ಊರಿಗೆ ಮರಳಿದೆ.

ತ್ರಿಜ್ಯ ಎಂಬ ಶಬ್ದ ನೋಡಿ ತ್ರಿಭುಜದ ನಂಟು ಊಹಿಸುವುದು ಸಹಜ. ಇಲ್ಲಿನ ಮೂರು ಬಾಹುಗಳದಲ್ಲ, ರಾಶಿಗಳದು. ಒಂದು ರಾಶಿ 30 ಡಿಗ್ರಿ. ಮೂರು ರಾಶಿಗಳ, ಅಂದರೆ 90 ಡಿಗ್ರಿಯ ಜ್ಯಾ ವೃತ್ತದ ಅರ್ಧವ್ಯಾಸಕ್ಕೆ ಸಮವಾಗುವುದರಿಂದ ಅದಕ್ಕೆ ತ್ರಿಜ್ಯವೆಂದು ಹೆಸರಾಯಿತು. ತ್ರಾಪಿಜ್ಯವಂತೂ ಇನ್ನೊಂದು ಮೋಸ. ಒಂದು ಜೊತೆ ಬಾಹುಗಳು ಮಾತ್ರ ಸಮಾಂತರವಾಗಿರುವ ಚತುರ್ಭುಜದ ಈ ಹೆಸರು ನೋಟಕ್ಕೆ ಅಚ್ಚ ಸಂಸ್ಕೃತ. ಆದರೆ ಮೂಲ, ಮೇಜು ಎಂಬರ್ಥದ ಗ್ರೀಕ್ ತ್ರಾಪೆಜಾ. ಟ್ರಪೀಜಿಯಮ್ಮಿಗೆ ಪಂಚೆ ಉಡಿಸಿದ ಅನಾಮಧೇಯ ಪಂಡಿತರ ಹಾಸ್ಯಪ್ರಜ್ಞೆಯನ್ನು ಮೆಚ್ಚಬೇಕು.

ಭೂಮಿಯ ಮೇಲೆ ತ್ರಿಕೋನಗಳು

ಒಂದು ಬಾಹು ಮತ್ತು ಅದರ ಎರಡು ತುದಿಗಳ ಕೋನಗಳು ಗೊತ್ತಿದ್ದರೆ ಉಳಿದೆರಡು ಬಾಹುಗಳನ್ನು ಅಳೆಯದೆಯೇ ಲೆಕ್ಕಹಾಕಬಹುದು. ಹಾಗೆ ದೊರೆತ ಬಾಹು ಮುಂದಿನ ತ್ರಿಭುಜಕ್ಕೆ ಪಾದವಾಗುತ್ತದೆ. ಬೆಟ್ಟದಿಂದ ಬೆಟ್ಟಕ್ಕೆ ಹೀಗೆ ಜಾಲ ಹೆಣೆಯುವ ಭೂಮಾಪನ ಕ್ರಮವೇ ತ್ರಿಕೋನೀಕರಣ. ನೆಲದ ಮೇಲೆ ಸರಪಳಿ ಹಿಡಿದು ನಿಖರವಾಗಿ ಅಳೆಯಬೇಕಾದದ್ದು ಮೊದಲ ಪಾದರೇಖೆಯನ್ನು ಮಾತ್ರ. ಉಳಿದದ್ದು ಕೋನ ಅಳೆಯುವ ಥಿಯೊಡೊಲೈಟಿನ ಕೆಲಸ.

1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿ ಪಾಲ್ಗೊಂಡಿದ್ದ ವಿಲಿಯಂ ಲ್ಯಾಂಬ್ಟನ್ ಮರುವರ್ಷ ಬೆಂಗಳೂರಿನ ಬಳಿ ಸುಮಾರು 12 ಕಿಲೋಮೀಟರ್ ಉದ್ದದ ಪಾದರೇಖೆಯನ್ನು ಅಳೆದ. ಮೈಸೂರು ಸೀಮೆಯ ಮಾಪನಕ್ಕೆ ಅದು ಆರಂಭ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಗುಡ್ಡದ ಬಳಿಯ ಪಾದರೇಖೆಯೊಂದಿಗೆ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆ ವಿಧಿವತ್ತಾಗಿ ಆರಂಭವಾಯಿತು. ಅವನ ದೊಡ್ಡ ಥಿಯೊಡೊಲೈಟ್ ಸುಮಾರು ಅರ್ಧ ಟನ್ ತೂಗುತ್ತಿತ್ತು. ಬಯಲು ಸೀಮೆಯಲ್ಲಿ ಬೆಟ್ಟಗಳಿಲ್ಲದ ಕಡೆ ದೇವಾಲಯದ ಗೋಪುರಗಳೇ ಆಸರೆ. 1808ರಲ್ಲಿ ತಂಜಾವೂರಿನ ಗೋಪುರಕ್ಕೆ ಎತ್ತುವಾಗ ಹಗ್ಗ ತುಂಡಾಗಿ ಯಂತ್ರ ಗೋಡೆಗೆ ಅಪ್ಪಳಿಸಿ ಜಖಂಗೊಂಡಿತು.

ಇಷ್ಟು ದೊಡ್ಡ ತ್ರಿಭುಜಗಳಲ್ಲಿ ಭೂಮಿಯ ಗೋಳಾಕಾರ ಲೆಕ್ಕಕ್ಕೆ ಬರುತ್ತದೆ. ಸುಮಾರು 200 ಚದರ ಕಿಲೋಮೀಟರಿಗೆ ಒಂದು ಸೆಕೆಂಡಿನಂತೆ ಕೋನಗಳ ಮೊತ್ತ 180 ಡಿಗ್ರಿಯನ್ನು ಮೀರುತ್ತದೆ. ಒಂದು ಡಿಗ್ರಿಯಲ್ಲಿ 3600 ಸೆಕೆಂಡುಗಳಿರುವುದರಿಂದ ಇದು ಅತ್ಯಲ್ಪ. ಆದರೂ ತಿದ್ದದೆ ಬಿಟ್ಟರೆ ತಪ್ಪು ಬೆಟ್ಟದಿಂದ ಬೆಟ್ಟಕ್ಕೆ ಬೆಳೆಯುತ್ತ ಹೋಗುತ್ತದೆ. ಈ ಸರ್ವೇಕ್ಷಣೆಯೇ ಹಿಮಾಲಯದ ಒಂದು ಶಿಖರ 29,002 ಅಡಿ ಎತ್ತರವೆಂದು 1856ರಲ್ಲಿ ಸಾರಿತು. ಅದು ಎವರೆಸ್ಟ್. ಇಂದು ಒಪ್ಪಿತವಾದ ಎತ್ತರ 8848.86 ಮೀಟರ್, ಹಳೆಯ ಲೆಕ್ಕಕ್ಕೂ ಇದಕ್ಕೂ ಇರುವ ಅಂತರ 9 ಮೀಟರುಗಳಷ್ಟು.

ಗಣಿತದ ಹೊರಗೆ

ರೇಖಾಗಣಿತದಿಂದ ಹೊರಬಂದ ಕೂಡಲೇ ತ್ರಿಭುಜ ಹಿಂದೆ ಸರಿದು ತ್ರಿಕೋನ ಮುಂದೆ ಬರುತ್ತದೆ. ಸಿನಿಮಾದ ತ್ರಿಕೋನ ಪ್ರೇಮ, ಕ್ರಿಕೆಟಿನ ತ್ರಿಕೋನ ಸರಣಿ, ಅಟ್ಲಾಂಟಿಕ್ ಸಾಗರದ ಬರ್ಮುಡಾ ತ್ರಿಕೋನ, ಆರೋಗ್ಯ ಕೇಂದ್ರದ ಗೋಡೆಯ ಮೇಲೆ ತಲೆಕೆಳಗಾಗಿ ಬರೆದ ಕುಟುಂಬ ಯೋಜನೆಯ ಕೆಂಪು ತ್ರಿಕೋನ: ಇವುಗಳಲ್ಲೆಲ್ಲ ಮುಖ್ಯವಾದದ್ದು ಮೂರು ಮೂಲೆಗಳಲ್ಲಿ ನಿಂತಿರುವವರು ಅಥವಾ ಮೂರು ಮೂಲೆಗಳ ನೋಟ, ನಡುವಿನ ಬಾಹುಗಳ ಉದ್ದವನ್ನು ಯಾರೂ ಕೇಳುವುದಿಲ್ಲ. ಬಾಹುವನ್ನು ಅಳೆಯಬೇಕಾದವರಿಗೆ ಮಾತ್ರ ತ್ರಿಭುಜ ಬೇಕಾಗುತ್ತದೆ.

ಉಪಾಸನೆಯ ಶ್ರೀಚಕ್ರದಲ್ಲಿಯೂ ಶಬ್ದ ತ್ರಿಕೋನವೇ. ಮೇಲ್ಮುಖವಾದ ನಾಲ್ಕು, ಕೆಳಮುಖವಾದ ಐದು ತ್ರಿಕೋನಗಳು ಒಂದರೊಳಗೊಂದು ಹೆಣೆದುಕೊಂಡು 43 ಸಣ್ಣ ತ್ರಿಕೋನಗಳಾಗುತ್ತವೆ. ಛೇದನಬಿಂದುಗಳಲ್ಲಿ ಮೂರು ಮೂರು ರೇಖೆಗಳು ತಪ್ಪದೆ ಕೂಡುವಂತೆ ಇದನ್ನು ಬಿಡಿಸುವುದು ಅಳತೆಪಟ್ಟಿಯಿದ್ದರೂ ಸುಲಭವಲ್ಲ.

ಪಾಶ್ಚಾತ್ಯ ವಾದ್ಯಗೋಷ್ಠಿಯ ಟ್ರಯಾಂಗಲ್ ಎಂಬ ವಾದ್ಯ ಕನ್ನಡದಲ್ಲಿಯೂ ಟ್ರಯಾಂಗಲ್ ಆಗಿಯೇ ಉಳಿದಿದೆ. ಉಕ್ಕಿನ ಸರಳನ್ನು ಎರಡು ಕಡೆ ಬಾಗಿಸಿ, ದಾರದಲ್ಲಿ ತೂಗುಹಾಕಿ, ಇನ್ನೊಂದು ಸರಳಿನಿಂದ ಬಡಿದು ನುಡಿಸುತ್ತಾರೆ. ಅದರ ಮೂರನೆಯ ಮೂಲೆಯಲ್ಲಿ ತುದಿಗಳನ್ನು ಕೂಡಿಸದೆ ಸಣ್ಣ ಸಂದು ಬಿಟ್ಟಿರುತ್ತಾರೆ. ಆವೃತವಾಗದ ಈ ಆಕೃತಿ ವ್ಯಾಖ್ಯೆಯ ಪ್ರಕಾರ ತ್ರಿಭುಜವಲ್ಲ.